ತಖ್ತೆ ಓದಿ, ಪಾಳಿ ಎಣಿಸಿ: ನಿಮ್ಮೂರ ಆರೋಗ್ಯ ಕೇಂದ್ರದ ಸಿಬ್ಬಂದಿ ಲೆಕ್ಕ ನೋಡೋದು ಹೇಗೆ

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಆರೋಗ್ಯ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು. ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡ, ಶಿರಾ ಕಡೆಯ ಕಚೇರಿಗಳಲ್ಲಿ ಸಿಬ್ಬಂದಿ ವಿಷಯದ ಟೇಬಲ್ ನೋಡಿಕೊಂಡು ನಿವೃತ್ತನಾದೆ. ಯಾರಿಗೆ ಎಲ್ಲಿಗೆ ವರ್ಗ, ಯಾರ ರಜೆ ಎಷ್ಟು ಉಳಿದಿದೆ, ಯಾವ ಹುದ್ದೆ ಯಾವಾಗಿನಿಂದ ಖಾಲಿ, ಇದೇ ನನ್ನ ಕೆಲಸ. ತಿಂಗಳಿಗೊಂದು ತಖ್ತೆ, ಅಂದರೆ ಹುದ್ದೆಗಳ ಲೆಕ್ಕದ ಪಟ್ಟಿ, ಮಾಡಿ ಮೇಲಕ್ಕೆ ಕಳಿಸುತ್ತಿದ್ದೆ.

ಈಗ ಮನೆಯಲ್ಲಿರುತ್ತೇನೆ. ಪಂಚಾಯ್ತಿ ಸದಸ್ಯರು, ಆರೋಗ್ಯ ರಕ್ಷಾ ಸಮಿತಿಯವರು ಆಗಾಗ ಬರುತ್ತಾರೆ. "ಸಾರ್, ನಮ್ಮೂರ ಆಸ್ಪತ್ರೆ ಸರಿಯಿಲ್ಲ. ಒಂದು ಅರ್ಜಿ ಬರೆದುಕೊಡಿ" ಅನ್ನುತ್ತಾರೆ. ಏನು ಸರಿಯಿಲ್ಲ ಅಂತ ಕೇಳಿದರೆ "ಸ್ಟಾಫೇ ಇಲ್ಲ" ಅನ್ನೋದು ಬಿಟ್ಟು ಬೇರೆ ಮಾತಿಲ್ಲ. ಅಂಥ ಅರ್ಜಿಗೆ ಏನು ಉತ್ತರ ಬರುತ್ತದೆ ಅಂತ ನನಗೆ ಬಾಯಿಪಾಠ. ಆ ಉತ್ತರ ಟೈಪ್ ಮಾಡುತ್ತಿದ್ದವನೇ ನಾನಲ್ವಾ? "ಖಾಲಿ ಹುದ್ದೆಗಳ ಭರ್ತಿಗೆ ಪ್ರಸ್ತಾವನೆ ಸಲ್ಲಿಸಲಾಗಿದೆ." ಅಲ್ಲಿಗೆ ಕಡತ ಮುಗಿಯಿತು.

ಉತ್ತರ ಬೇರೆ ಥರ ಬರಬೇಕಾದರೆ ಪ್ರಶ್ನೆ ಬೇರೆ ಥರ ಇರಬೇಕು. ಎಷ್ಟು ಜನ ಇದ್ದಾರೆ ಅಂತ ಕೇಳುವುದಕ್ಕಿಂತ, ಯಾವ ಹೊತ್ತಿನಲ್ಲಿ ಯಾರಿದ್ದಾರೆ, ಯಾರ ಕೆಲಸ ಯಾರ ತಲೆ ಮೇಲೆ ಬಿದ್ದಿದೆ ಅಂತ ಕೇಳಬೇಕು. ಒಂದು ನೋಟ್‌ಬುಕ್, ಒಂದು ಪೆನ್ನು, ಕೂಡಿಸಿ ಕಳೆಯುವ ಲೆಕ್ಕ ಬಂದರೆ ಸಾಕು. ಹೇಗೆ ಅಂತ ಹೇಳುತ್ತೇನೆ.

ಮೊದಲು ಕಾಗದ ಕೈಗೆ ಬರಲಿ

ನಿಮಗೆ ಬೇಕಾದ ಕಾಗದಗಳು ಮೂರು. ಮಂಜೂರು–ಭರ್ತಿ–ಖಾಲಿ ತಖ್ತೆ ಒಂದು. ನಿಯೋಜನೆ ಮೇಲೆ ಹೊರಗೆ ಹೋದವರ, ಒಳಗೆ ಬಂದವರ ಆದೇಶದ ಪ್ರತಿ ಇನ್ನೊಂದು. ಮೂರನೆಯದು ಡ್ಯೂಟಿ ಪಾಳಿ ಪಟ್ಟಿ, ಕಳೆದ ಮೂರು ತಿಂಗಳದ್ದು.

ನೀವು ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಾಗಿದ್ದರೆ ಸಭೆಯಲ್ಲೇ ಕೇಳಿ, ವೈದ್ಯಾಧಿಕಾರಿ ಕೊಡುತ್ತಾರೆ. ಬಹಳಷ್ಟು ಡಾಕ್ಟರುಗಳು ಖುಷಿಯಿಂದಲೇ ಕೊಡುತ್ತಾರೆ, ಜನ ಕಮ್ಮಿ ಇರುವುದರ ಹೊಡೆತ ಮೊದಲು ಬೀಳುವುದು ಅವರಿಗೇ. ಸದಸ್ಯರಲ್ಲದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿ. ಅಲ್ಲೂ ಆಗದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಒಂದು ವಿಷಯ ನೆನಪಿರಲಿ: ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೇರಿರಬೇಕು. ಸಿಟ್ಟೆಲ್ಲ ಬರೆದು ನಾಲ್ಕು ಪುಟ ಮಾಡಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಇಷ್ಟು ಬರೆಯಿರಿ:

"ಇಂಥ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಅದರ ಉಪಕೇಂದ್ರಗಳಲ್ಲಿ ಈ ತಿಂಗಳ ಅಂತ್ಯಕ್ಕೆ ಹುದ್ದೆವಾರು ಮಂಜೂರಾದ, ಭರ್ತಿಯಾದ, ಖಾಲಿ ಇರುವ ಸಂಖ್ಯೆ, ನಿಯೋಜನೆ ಆದೇಶಗಳ ಪ್ರತಿ, ಕಳೆದ ಮೂರು ತಿಂಗಳ ಡ್ಯೂಟಿ ಪಾಳಿ ಪಟ್ಟಿ ನೀಡುವುದು."

ಸಿಬ್ಬಂದಿಯ ಹೆಸರು, ಸಂಬಳ ಕೇಳಬೇಡಿ. ನಮಗೆ ಬೇಕಾಗಿರುವುದು ಹುದ್ದೆಯ ಲೆಕ್ಕ. ಹೆಸರು ಕೇಳಿದ ಕೂಡಲೇ ಇದು ಯಾರ ಮೇಲಿನದೋ ಹಗೆ ಅಂತ ಕಚೇರಿಯವರು ತಿಳಿಯುತ್ತಾರೆ. ಆಮೇಲೆ ಎಲ್ಲರೂ ಬಿಗಿಯಾಗುತ್ತಾರೆ.

ತಖ್ತೆಯಲ್ಲಿ ಹುದ್ದೆಗಳ ಹೆಸರು ನೋಡಿ ಗಾಬರಿಯಾಗಬೇಡಿ. ನಾವು ಎಎನ್‌ಎಂ ಸಿಸ್ಟರ್ ಅನ್ನುವ, ಲಸಿಕೆ ಹಾಕಿ ಬಾಣಂತಿ ಮನೆಗೆ ಭೇಟಿ ಕೊಡುವವರು ಕಾಗದದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಸ್ಟಾಫ್ ನರ್ಸ್ ಅಂದರೆ ಶುಶ್ರೂಷಾಧಿಕಾರಿ. ಮನೆಮನೆಗೆ ಬಂದು ತೊಟ್ಟಿಯಲ್ಲಿ ಸೊಳ್ಳೆ ಮರಿ ನೋಡುವವರು ಆರೋಗ್ಯ ನಿರೀಕ್ಷಣಾಧಿಕಾರಿ. ಎಲ್ಲರೂ ಅಧಿಕಾರಿಗಳೇ, ಸಂತೋಷ. ಕೆಲಸ ಮಾತ್ರ ಹಳೆಯದೇ.

ಎಷ್ಟು ಜನ ಇರಬೇಕಿತ್ತು?

ಇದಕ್ಕೆ ಮೊದಲು ನಿಮ್ಮ ಕೇಂದ್ರದ ವ್ಯಾಪ್ತಿಯ ಜನಸಂಖ್ಯೆ ಬೇಕು. ಆಶಾ ಕಾರ್ಯಕರ್ತೆಯರ ಮನೆ ಸರ್ವೆ ಪುಸ್ತಕಗಳಲ್ಲಿ ಇರುತ್ತದೆ, ಎಲ್ಲ ಕೂಡಿಸಿದರೆ ಸಿಗುತ್ತದೆ. 2011ರ ಜನಗಣತಿಯ ಸಂಖ್ಯೆಯನ್ನೇ ಇಟ್ಟುಕೊಂಡರೆ ಮೋಸ ಹೋಗುತ್ತೀರಿ. ಆಗ ಇಡೀ ತುಮಕೂರು ಜಿಲ್ಲೆಗೆ ಸುಮಾರು 26.8 ಲಕ್ಷ ಜನ. ಆಮೇಲೆ ಕೆಲವು ಊರು ಬೆಳೆದಿವೆ, ಕೆಲವು ಊರಿನ ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ.

ಬಯಲು ಸೀಮೆಗೆ ಅಳತೆ ಹೀಗಿದೆ. 1,000 ಜನಕ್ಕೆ ಒಬ್ಬ ಆಶಾ. 5,000 ಜನಕ್ಕೆ ಒಂದು ಉಪಕೇಂದ್ರ. 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. 1,20,000 ಜನಕ್ಕೆ 30 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ. ಗುಡ್ಡಗಾಡು, ಬುಡಕಟ್ಟು ಪ್ರದೇಶಕ್ಕೆ ಈ ಸಂಖ್ಯೆಗಳು ಕಮ್ಮಿ. ಒಂದೊಂದು ಕೇಂದ್ರದಲ್ಲಿ ಯಾರ್ಯಾರು ಇರಬೇಕು ಅನ್ನುವುದಕ್ಕೆ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡ ಅಂತ ಒಂದಿದೆ. 2007ರಲ್ಲಿ ಬಂತು, 2012ರಲ್ಲಿ ತಿದ್ದಿದರು, 2022ರಲ್ಲಿ ಮತ್ತೆ ತಿದ್ದಿದರು. 2012ರ ಪಟ್ಟಿ ಹೇಳುವಂತೆ ಹೆರಿಗೆ ಕಮ್ಮಿ ಇರುವ ಕೇಂದ್ರಕ್ಕೂ ಕನಿಷ್ಠ 13 ಜನ ಬೇಕು. ಒಬ್ಬ ಎಂಬಿಬಿಎಸ್ ಡಾಕ್ಟರ್, ಮೂವರು ಸ್ಟಾಫ್ ನರ್ಸ್, ಒಬ್ಬ ಫಾರ್ಮಸಿಸ್ಟ್, ಒಬ್ಬ ಲ್ಯಾಬ್ ಟೆಕ್ನೀಷಿಯನ್, ಒಬ್ಬ ಎಎನ್‌ಎಂ, ಮೇಲ್ವಿಚಾರಣೆಗೆ ಇಬ್ಬರು ಆರೋಗ್ಯ ಸಹಾಯಕರು, ಲೆಕ್ಕ ಮತ್ತು ಕಂಪ್ಯೂಟರ್‌ಗೆ ಒಬ್ಬರು, ಮೂವರು ಗ್ರೂಪ್ ಡಿ ಮತ್ತು ಸ್ವಚ್ಛತಾ ಕೆಲಸದವರು.

ಇಲ್ಲಿ ಒಂದು ಮಾತು ಹೇಳಲೇಬೇಕು. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ಹೇಳಿದ 1946ರ ಭೋರ್ ಸಮಿತಿ ವರದಿ, ಅಂದರೆ ಸ್ವಾತಂತ್ರ್ಯಕ್ಕೂ ಮುಂಚಿನದು, ತಕ್ಷಣಕ್ಕೆ ಇಷ್ಟಾದರೂ ಮಾಡಿ ಅಂತ 40,000 ಜನಕ್ಕೆ ಇಬ್ಬರು ಡಾಕ್ಟರನ್ನು ಕೇಳಿತ್ತು. ಇವತ್ತು 30,000ಕ್ಕೆ ಒಬ್ಬರಿದ್ದರೆ ತಖ್ತೆಯಲ್ಲಿ "ಭರ್ತಿ" ಅಂತ ಬರೆಯುತ್ತೇವೆ. ಹುದ್ದೆ ಭರ್ತಿಯಾಗಿದೆ ಅಂದ ಮಾತ್ರಕ್ಕೆ ಜನಕ್ಕೆ ಸಾಕಾಗುವಷ್ಟಿದೆ ಅಂತ ಅಲ್ಲ. ಮಂಜೂರಾದ ಸಂಖ್ಯೆಯೇ ಎಂದೋ ಹಳೇ ಜನಸಂಖ್ಯೆಗೆ ಹಾಕಿದ್ದಾಗಿರಬಹುದು.

ತಖ್ತೆಗೆ ನಿಮ್ಮದೇ ನಾಲ್ಕು ಕಾಲಂ ಸೇರಿಸಿ

ಕಚೇರಿ ತಖ್ತೆಯಲ್ಲಿ ಮೂರೇ ಕಾಲಂ: ಮಂಜೂರು, ಭರ್ತಿ, ಖಾಲಿ. ಅದನ್ನು ನಿಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಂಡು ಪಕ್ಕದಲ್ಲಿ ಇನ್ನೂ ನಾಲ್ಕು ಗೆರೆ ಎಳೆಯಿರಿ. ನಿಯೋಜನೆ. ಪ್ರಭಾರ. ದೀರ್ಘ ರಜೆ. ಗುತ್ತಿಗೆ.

ನಿಯೋಜನೆ ಅಂದರೆ ಸಂಬಳ ನಿಮ್ಮ ಕೇಂದ್ರದಲ್ಲಿ, ಕೆಲಸ ಇನ್ನೆಲ್ಲೋ. ಹಳ್ಳಿಯ ಕೇಂದ್ರದ ಹುದ್ದೆ ಮೇಲೆ ತಾಲ್ಲೂಕು ಕೇಂದ್ರದಲ್ಲೋ ಜಿಲ್ಲಾ ಕೇಂದ್ರದಲ್ಲೋ ಕೆಲಸ ಮಾಡುವವರು ಇವರು. ತಖ್ತೆಯಲ್ಲಿ ಈ ಹುದ್ದೆ ಭರ್ತಿ. ನಿಮ್ಮ ಮಟ್ಟಿಗೆ ಖಾಲಿ. ಖಾಲಿ ಅಂತ ತೋರಿಸಿದ್ದರೆ ಬೇರೆಯವರನ್ನಾದರೂ ಹಾಕಬಹುದಿತ್ತು, ಭರ್ತಿ ಅಂತ ಇರುವುದರಿಂದ ಅದೂ ಆಗುವುದಿಲ್ಲ. ಹೀಗಾಗಿ ಖಾಲಿ ಹುದ್ದೆಗಿಂತ ನಿಯೋಜನೆ ಜಾಸ್ತಿ ತೊಂದರೆ ಕೊಡುತ್ತದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪ್ರಭಾರ ಅಂದರೆ ಒಬ್ಬರೇ ಎರಡು ಕಡೆ. ನಾನು ಕಂಡ ಒಂದು ಕೇಂದ್ರದಲ್ಲಿ ಫಾರ್ಮಸಿಸ್ಟ್ ವಾರದಲ್ಲಿ ಮೂರು ದಿನ ಇಲ್ಲಿ, ಮೂರು ದಿನ ಪಕ್ಕದ ಕೇಂದ್ರದಲ್ಲಿ. ಸ್ಟೋರಿನ ಬೀಗದ ಕೈ ಅವರ ಜೇಬಿನಲ್ಲಿ. ಹಾವು ಕಚ್ಚಿದವರಿಗೆ ಕೊಡುವ ಔಷಧಿ ಒಳಗೆ ಇತ್ತು, ಸ್ಟಾಕ್ ಪುಸ್ತಕದಲ್ಲೂ ಇತ್ತು. ಕಡಲೆಕಾಯಿ ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಬಂದವರನ್ನು ಮಾತ್ರ ಬೇರೆ ಕಡೆ ಕಳಿಸಬೇಕಾಯಿತು. ಮೇಲಿನವರು ಕೇಳಿದ್ದು ಔಷಧಿ ಇತ್ತೇ, ಫಾರ್ಮಸಿಸ್ಟ್ ಇದ್ದಾರೇ ಅಂತ. ಎರಡಕ್ಕೂ ಉತ್ತರ "ಹೌದು". ಅದಕ್ಕೇ ಹೇಳುವುದು, ಪ್ರಭಾರದವರನ್ನು ಒಬ್ಬರು ಅಂತ ಎಣಿಸಬೇಡಿ, ಅರ್ಧ ಅಂತ ಬರೆದುಕೊಳ್ಳಿ. ಅವರು ಇಲ್ಲದ ದಿನ ಬೀಗದ ಕೈ ಯಾರ ಹತ್ತಿರ ಅಂತಲೂ ಕೇಳಿ.

ದೀರ್ಘ ರಜೆಯಲ್ಲಿ ಹೆರಿಗೆ ರಜೆ ಮುಖ್ಯ. ನರ್ಸುಗಳು, ಎಎನ್‌ಎಂಗಳು ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. 180 ದಿನದ ಹೆರಿಗೆ ರಜೆ ಅವರ ಹಕ್ಕು, ಅದರ ಬಗ್ಗೆ ಯಾರೂ ಗೊಣಗಬಾರದು. ಆದರೆ ಆ ಆರು ತಿಂಗಳಿಗೆ ಬದಲಿ ಯಾರು ಅಂತ ಕೇಳಲೇಬೇಕು.

ಗುತ್ತಿಗೆಯವರನ್ನು ಯಾಕೆ ಬೇರೆ ಬರೆಯಬೇಕು ಅಂದರೆ ಅವರು ಬೇಗ ಬಿಟ್ಟುಹೋಗುತ್ತಾರೆ. ಬೇರೆ ಕಡೆ ಕಾಯಂ ಕೆಲಸ ಸಿಕ್ಕಿತು ಅಂದರೆ ಮಾರನೇ ತಿಂಗಳು ಇರುವುದಿಲ್ಲ. ಡಾಕ್ಟರುಗಳ ಕಥೆಯೂ ಹೀಗೇ. ಓದು ಮುಗಿಸಿದ ಡಾಕ್ಟರುಗಳನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸುವ 2012ರ ಕಡ್ಡಾಯ ಸೇವೆ ಕಾಯ್ದೆ ಅಡಿ ಬಂದವರು ಒಂದು ವರ್ಷಕ್ಕೆ ಹೊರಡುತ್ತಾರೆ. ಊರಿನ ಬಿಪಿ ರೋಗಿಗಳ ಮುಖ ಪರಿಚಯ ಆಗುವ ಹೊತ್ತಿಗೆ ಹೊಸ ಡಾಕ್ಟರ್.

ಈಗ ಕೊನೆಗೆ ಬರುವ ಸಂಖ್ಯೆ ನೋಡಿ. ತಖ್ತೆಯಲ್ಲಿ 13ರಲ್ಲಿ 10 ಭರ್ತಿ ಅಂತ ಇದ್ದದ್ದು, ಒಬ್ಬರು ನಿಯೋಜನೆ, ಇಬ್ಬರು ಪ್ರಭಾರ, ಒಬ್ಬರು ಹೆರಿಗೆ ರಜೆ ಅಂತ ಕಳೆದರೆ ಏಳಕ್ಕೆ ಇಳಿಯುತ್ತದೆ. ಇದು ಉದಾಹರಣೆಗೆ ಹೇಳಿದ್ದು. ನಿಮ್ಮದು ನೀವು ಲೆಕ್ಕ ಹಾಕಿ.

24 ಗಂಟೆ ಅನ್ನುವ ಬೋರ್ಡಿನ ಲೆಕ್ಕ

ಇಡೀ ಬರಹದಲ್ಲಿ ನೀವು ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

"ದಿನದ 24 ಗಂಟೆ ಹೆರಿಗೆ ಸೌಲಭ್ಯ" ಅಂತ ಬೋರ್ಡ್ ಇದೆ, ಮೂವರು ನರ್ಸ್ ಮಂಜೂರಾಗಿದ್ದಾರೆ. ದಿನಕ್ಕೆ ಮೂರು ಪಾಳಿ, ನರ್ಸೂ ಮೂವರು, ಸರಿಯಾಯಿತಲ್ಲ ಅನ್ನಿಸುತ್ತದೆ. ಸರಿಯಿಲ್ಲ. ವಾರಕ್ಕೆ 168 ಗಂಟೆ. ಒಬ್ಬ ನರ್ಸ್ ದಿನಕ್ಕೆ 8 ಗಂಟೆಯಂತೆ ಆರು ದಿನ ದುಡಿದರೆ 48 ಗಂಟೆ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ. ಯಾರೂ ಒಂದು ದಿನವೂ ರಜೆ ಹಾಕದಿದ್ದರೂ ಮೂವರು ಸಾಲುವುದಿಲ್ಲ.

ಈಗ ರಜೆ ಸೇರಿಸಿ. ವರ್ಷಕ್ಕೆ 365 ದಿನ. ವಾರದ ರಜೆ 52. ಗಳಿಕೆ ರಜೆ 30. ಸಾಂದರ್ಭಿಕ ರಜೆ 10, ಹಬ್ಬದ ಬದಲಿ ರಜೆ 10, ತರಬೇತಿ ಮತ್ತು ಮೀಟಿಂಗ್‌ಗೆ 8 ಅಂತ ಇಟ್ಟುಕೊಳ್ಳೋಣ. ಉಳಿಯುವುದು 255 ದಿನ. ವರ್ಷಕ್ಕೆ ಪಾಳಿಗಳು 365 ಸಲ ಮೂರು, ಅಂದರೆ 1,095. ಮೂವರು ಸೇರಿ ಮಾಡಬಹುದಾದದ್ದು 765. ಉಳಿದ 330 ಪಾಳಿ ಯಾರದ್ದು? ಹತ್ತರಲ್ಲಿ ಮೂರು ಪಾಳಿ! 1,095ನ್ನು 255ರಿಂದ ಭಾಗಿಸಿ ನೋಡಿ, ನಾಲ್ಕಕ್ಕೂ ಜಾಸ್ತಿ ಬರುತ್ತದೆ. ಪಾಳಿಗೆ ಒಬ್ಬರೇ ಒಬ್ಬರು ನರ್ಸ್ ಇರಬೇಕಾದರೂ ಐದು ಜನ ಬೇಕು. ಅವರಲ್ಲಿ ಒಬ್ಬರು ಹೆರಿಗೆ ರಜೆಗೆ ಹೋದರೆ ಅದೂ ಬಿಗಿ.

ಹಾಗಾದರೆ ಮೂವರಲ್ಲಿ ಹೇಗೆ ನಡೆಯುತ್ತಿದೆ? ಎರಡು ದಾರಿ. ಒಂದು, 24 ಗಂಟೆ ಡ್ಯೂಟಿ ಮಾಡಿ ಎರಡು ದಿನ ಮನೆಯಲ್ಲಿರುವುದು. ಬೆಳಗ್ಗೆ ಬಂದವರು ರಾತ್ರಿ ಎರಡು ಗಂಟೆಗೆ ಹೆರಿಗೆ ಮಾಡಿಸಬೇಕು. ಹದಿನೇಳನೇ ಗಂಟೆಯಲ್ಲಿ ಇಂಜೆಕ್ಷನ್ ಡೋಸ್ ಲೆಕ್ಕ ಹಾಕುವವರ ಕಣ್ಣು ಹೇಗಿರುತ್ತದೆ ಅಂತ ಯೋಚಿಸಿ. ಇನ್ನೊಂದು ದಾರಿ, ರಾತ್ರಿ ಬಂದವರನ್ನು ನೋಡಿ 108ಕ್ಕೆ ಫೋನ್ ಮಾಡಿ ರೆಫರ್ ಮಾಡುವುದು. ಎರಡೂ ದಾರಿಯಲ್ಲಿ ನರ್ಸಮ್ಮನ ಸೋಮಾರಿತನ ಎಲ್ಲಿದೆ? ಜನ ಬೈಯುವುದು ಮಾತ್ರ ಅವರನ್ನೇ.

ಪಾಳಿ ಪಟ್ಟಿ ಬಿಡಿಸಿ ಇಟ್ಟುಕೊಂಡು, ಪಕ್ಕದಲ್ಲಿ ಹೆರಿಗೆ ರಿಜಿಸ್ಟರ್, ರೆಫರ್ ರಿಜಿಸ್ಟರ್ ಇಟ್ಟುಕೊಳ್ಳಿ. ಸಮಿತಿ ಸದಸ್ಯರಾದರೆ ಸಂಖ್ಯೆ ಮಾತ್ರ ಕೇಳಿ, ತಾಯಂದಿರ ಹೆಸರು ನಿಮಗೆ ಬೇಡ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಹೆರಿಗೆ, ಎಷ್ಟು ರೆಫರ್? ಹಗಲಲ್ಲಿ ಎಷ್ಟು? ಹೆರಿಗೆ ನೋವು ಹೊತ್ತು ನೋಡಿ ಬರುವುದಿಲ್ಲ. ರಾತ್ರಿ ಹೆರಿಗೆ ತೀರಾ ಕಮ್ಮಿ ಇದ್ದು ರೆಫರ್ ಜಾಸ್ತಿ ಇದ್ದರೆ ನಿಮ್ಮ 24 ಗಂಟೆ ಬೋರ್ಡು ಹಗಲಿಗೆ ಮಾತ್ರ ಅಂತ ಆಯಿತು.

ಈ ಲೆಕ್ಕ ನನ್ನ ತಲೆಯಿಂದ ಬಂದದ್ದಲ್ಲ. ಕೆಲಸದ ಹೊರೆ ನೋಡಿ ಸಿಬ್ಬಂದಿ ನಿಗದಿ ಮಾಡುವ ಒಂದು ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ತಂದು 2010ರಲ್ಲಿ ತಿದ್ದಿತು. ವಿಸ್ನ್ ಅಂತಾರೆ. ಸಿಗುವ ದಿನ ಎಷ್ಟು, ಒಂದು ಕೆಲಸಕ್ಕೆ ಹಿಡಿಯುವ ಹೊತ್ತು ಎಷ್ಟು, ಒಟ್ಟು ಕೆಲಸ ಎಷ್ಟು, ಅದರ ತಿರುಳು ಇಷ್ಟೇ. ನರ್ಸ್ ಕಮ್ಮಿಯಾದರೆ ನಿಜಕ್ಕೂ ರೋಗಿಗೆ ಏಟು ಬೀಳುತ್ತದಾ ಅಂತ ಯಾರಾದರೂ ವಾದ ಮಾಡಿದರೆ ಅದಕ್ಕೂ ಉತ್ತರ ಇದೆ. ಲಿಂಡಾ ಏಕನ್ ಅನ್ನುವ ನರ್ಸಿಂಗ್ ಸಂಶೋಧಕಿ ಮತ್ತು ಅವರ ಜೊತೆಯವರು ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಆಪರೇಷನ್ ರೋಗಿಗಳ ದಾಖಲೆ ನೋಡಿ 2014ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರೆದರು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದರೆ 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಏರುತ್ತದೆ ಅಂತ ಕಂಡಿತು. ನಮ್ಮಲ್ಲಿ ಜನರಲ್ ವಾರ್ಡಿನಲ್ಲಿ ಪಾಳಿಗೆ ಐದಾರು ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುವ ಅಳತೆ ಕಾಗದದಲ್ಲಿದೆ. ಯಾವುದಾದರೂ ದೊಡ್ಡ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ನಿಮ್ಮವರನ್ನು ನೋಡಲು ಹೋದಾಗ ಹಾಸಿಗೆ ಎಣಿಸಿ, ನರ್ಸುಗಳನ್ನೂ ಎಣಿಸಿ.

ಡಾಕ್ಟರ ಮೂರು ನಿಮಿಷ

ಡಾಕ್ಟರ್ ವಿಷಯದಲ್ಲಿ ಲೆಕ್ಕ ಸುಲಭ. ಓಪಿಡಿಯಲ್ಲಿ, ಅಂದರೆ ಹೊರರೋಗಿಗಳನ್ನು ನೋಡಲು, ಕೂರುವ ಹೊತ್ತು ನಾಲ್ಕು ಗಂಟೆ ಅಂದರೆ 240 ನಿಮಿಷ. 80 ಚೀಟಿ ಬಂದರೆ ತಲೆಗೆ ಮೂರು ನಿಮಿಷ. ಹಿಂದಿನ ದಿನ ತಾಲ್ಲೂಕಿನಲ್ಲಿ ಮೀಟಿಂಗ್ ಇದ್ದು ಡಾಕ್ಟರ್ ಇರಲಿಲ್ಲ ಅಂದರೆ ಮಾರನೇ ದಿನ 130 ಚೀಟಿ, ಎರಡು ನಿಮಿಷವೂ ಇಲ್ಲ. ಇದು ನಮ್ಮೂರ ಕಥೆ ಮಾತ್ರ ಅಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಬಂದ ಒಂದು ವರದಿಯಲ್ಲಿ ಬಾಂಗ್ಲಾದೇಶದಲ್ಲಿ 48 ಸೆಕೆಂಡ್, ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಜಾಸ್ತಿ, ಭಾರತದಲ್ಲಿ ಸುಮಾರು ಎರಡು ನಿಮಿಷ ಅಂತ ಇತ್ತು.

ಎರಡು ನಿಮಿಷದಲ್ಲಿ ಏನು ಬಿಟ್ಟುಹೋಗುತ್ತದೆ? ಬಿಪಿ ನೋಡುವುದು. "ಮಾತ್ರೆ ದಿನಾ ತಗೋತಿದ್ದೀಯೇನಮ್ಮ" ಅಂತ ಕೇಳುವುದು. ಸಕ್ಕರೆ ಕಾಯಿಲೆಯವರ ಕಾಲು ನೋಡುವುದು. ಮಾತ್ರೆ ಬರೆಯುವುದು ಮಾತ್ರ ಬಿಡುವುದಿಲ್ಲ.

ಇಲ್ಲಿ ಇನ್ನೊಬ್ಬ ಡಾಕ್ಟರನ್ನು ಕೇಳುವ ಮುಂಚೆ ನೋಡಬೇಕಾದದ್ದು ಇದೆ. ಡಾಕ್ಟರ್ ಮುಂದೆ ಬರುವ ಮೊದಲೇ ತೂಕ, ಬಿಪಿ ಯಾರಾದರೂ ನೋಡಿ ಚೀಟಿ ಮೇಲೆ ಬರೆಯುತ್ತಾರಾ? ಬರೆದರೆ ಅದೇ ಮೂರು ನಿಮಿಷ ಪೂರ್ತಿ ಡಾಕ್ಟರ ಕೆಲಸಕ್ಕೆ ಸಿಗುತ್ತದೆ. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಂತ ಇದ್ದಾರೆ. ಹೆಚ್ಚಿನವರು ನರ್ಸಿಂಗ್ ಓದಿ ಆರು ತಿಂಗಳ ಸಮುದಾಯ ಆರೋಗ್ಯ ತರಬೇತಿ ಪಡೆದವರು. 2018ರಲ್ಲಿ ಘೋಷಣೆಯಾದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಿಗಾಗಿ ಬಂದ ಹುದ್ದೆ ಇದು, ಆ ಕೇಂದ್ರಗಳಿಗೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೆಸರು. ಒಮ್ಮೆ ಡಾಕ್ಟರ್ ಶುರು ಮಾಡಿದ ಬಿಪಿ, ಶುಗರ್ ಮಾತ್ರೆಗಳನ್ನು ತಿಂಗಳು ತಿಂಗಳು ಇವರೇ ಕೊಡಬಹುದು. ಅದಕ್ಕೆ ಉಪಕೇಂದ್ರಕ್ಕೆ ಮಾತ್ರೆ ತಲುಪಬೇಕು. ತಲುಪದಿದ್ದರೆ ಅಜ್ಜಿ ಬಸ್ ಹತ್ತಿ ಪ್ರಾಥಮಿಕ ಕೇಂದ್ರಕ್ಕೇ ಬರುತ್ತಾಳೆ, ಸಾಲು ಉದ್ದವಾಗುತ್ತದೆ, ಡಾಕ್ಟರ್ ಸಾಲದು ಅಂತ ನೀವು ಅರ್ಜಿ ಬರೆಯುತ್ತೀರಿ. ಕೊರತೆ ಇದ್ದದ್ದು ಮಾತ್ರೆ ಸಾಗಿಸುವ ಗಾಡಿಯದ್ದು.

ಜೋಡಿ ಹುದ್ದೆಗಳನ್ನು ಜೋಡಿಯಾಗಿಯೇ ನೋಡಿ

ಕೆಲವು ಹುದ್ದೆಗಳು ಒಂಟಿಯಾಗಿ ಇದ್ದರೆ ಇಲ್ಲದಂತೆಯೇ. ಸಿಸೇರಿಯನ್ ಹೆರಿಗೆಗೆ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ಬೇಕು, ರಕ್ತವೂ ಸಿಗಬೇಕು. ಮೂವರಲ್ಲಿ ಇಬ್ಬರಿದ್ದಾರೆ ಅಂದರೆ ತಖ್ತೆಯಲ್ಲಿ ಶೇ 66 ಭರ್ತಿ. ಆಪರೇಷನ್ ಆಗುವುದು ಸೊನ್ನೆ. ಪಾವಗಡದ ಕಡೆಯ ಹೆಣ್ಣುಮಗಳಿಗೆ ಇದರ ಅರ್ಥ ಏನು ಗೊತ್ತಾ? ತುಮಕೂರು ಹತ್ತಿರಹತ್ತಿರ ನೂರು ಕಿಲೋಮೀಟರ್. ಇಲ್ಲದಿದ್ದರೆ ಗಡಿ ದಾಟಿ ಆಂಧ್ರದ ಖಾಸಗಿ ನರ್ಸಿಂಗ್ ಹೋಂ. ಮೂವರು ತಜ್ಞರನ್ನು ಬೇರೆ ಬೇರೆ ಆಸ್ಪತ್ರೆಗೆ ಹಂಚುವುದಕ್ಕಿಂತ ಮೂವರನ್ನೂ ಒಂದೇ ಕಡೆ ಕೂರಿಸುವುದು ಮೇಲು ಅಂತ ನಾನು ಹೇಳಿದರೆ ನಮ್ಮ ಜನಪ್ರತಿನಿಧಿಗಳಿಗೆ ಹಿಡಿಸುವುದಿಲ್ಲ. ಪ್ರತಿ ತಾಲ್ಲೂಕಿಗೂ ಒಬ್ಬ ತಜ್ಞರನ್ನು ತಂದೆ ಅಂತ ಹೇಳಿಕೊಳ್ಳಬೇಕಲ್ಲ.

ಸಣ್ಣ ಕೇಂದ್ರದಲ್ಲೂ ಇಂಥ ಜೋಡಿಗಳಿವೆ. ಲ್ಯಾಬ್ ಟೆಕ್ನೀಷಿಯನ್ ಮತ್ತು ಗರ್ಭಿಣಿಯರ ತಪಾಸಣೆ ದಿನ. ಟೆಕ್ನೀಷಿಯನ್ ಪ್ರಭಾರದಲ್ಲಿದ್ದು ಸೋಮವಾರ, ಬುಧವಾರ, ಶುಕ್ರವಾರ ಬರುತ್ತಾರೆ, ಗರ್ಭಿಣಿಯರನ್ನು ಮಂಗಳವಾರ ಕರೆಯುತ್ತಾರೆ ಅಂತಿಟ್ಟುಕೊಳ್ಳಿ. ರಕ್ತ ಪರೀಕ್ಷೆಗೆ ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. ಕೂಲಿ ಬಿಟ್ಟು ಎರಡನೇ ಸಲ ಯಾರು ಬರುತ್ತಾರೆ? ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. ಅದು ನಾಲ್ಕನೇ ತಿಂಗಳಲ್ಲಿ ಗೊತ್ತಾಗುವುದಕ್ಕೂ ಒಂಬತ್ತನೇ ತಿಂಗಳಲ್ಲಿ ಗೊತ್ತಾಗುವುದಕ್ಕೂ ಬಹಳ ವ್ಯತ್ಯಾಸ. ಹೊಸ ಹುದ್ದೆ ಬೇಡ, ಒಂದು ರೂಪಾಯಿ ಖರ್ಚಿಲ್ಲ, ದಿನ ಬದಲಾಯಿಸಿದರೆ ಸಾಕು. ಪ್ರತಿ ತಿಂಗಳು 9ನೇ ತಾರೀಕು ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದಲ್ಲ, ಆವತ್ತು ಟೆಕ್ನೀಷಿಯನ್ ಎಲ್ಲಿರುತ್ತಾರೆ ಅಂತಲೂ ನೋಡಿ.

ಗ್ರೂಪ್ ಡಿ ಹುದ್ದೆಗಳ ಬಗ್ಗೆ ಯಾರೂ ಅರ್ಜಿ ಬರೆಯುವುದಿಲ್ಲ. ಹೆರಿಗೆ ಕೋಣೆ ತೊಳೆಯುವವರು ಇಲ್ಲದಿದ್ದರೆ ನರ್ಸೇ ತೊಳೆಯಬೇಕು, ಇಲ್ಲವೇ ಹಾಗೇ ಬಿಡಬೇಕು. ಸೋಂಕು ಅಲ್ಲಿಂದಲೇ ಶುರು. ರಾತ್ರಿ ಒಬ್ಬಂಟಿ ನರ್ಸ್ ಜೊತೆಗೆ ಇನ್ನೊಬ್ಬರು ಇರುತ್ತಾರಾ ಅನ್ನುವುದೂ ಇದೇ ಹುದ್ದೆ ಮೇಲೆ ನಿಂತಿದೆ. ಹುಣಸೆ ಬಡಿಯುವ ಕಾಲದಲ್ಲಿ ಮರದಿಂದ ಬಿದ್ದವರನ್ನು ಹೊತ್ತುಕೊಂಡು ಹತ್ತು ಜನ ನುಗ್ಗುತ್ತಾರೆ. ಆಗ ಒಂಟಿ ಹೆಣ್ಣುಮಗಳು ಏನು ಮಾಡಬೇಕು?

ಗಂಡು ಆರೋಗ್ಯ ಕಾರ್ಯಕರ್ತರ ಹುದ್ದೆಯೂ ಹಾಗೇ ಮರೆತುಹೋಗಿದೆ. ಆರೋಗ್ಯ ಕಾರ್ಯಕರ್ತರ ಹುದ್ದೆಗಳ ಬಗ್ಗೆ ವರದಿ ಕೊಟ್ಟ 1973ರ ಕರ್ತಾರ್ ಸಿಂಗ್ ಸಮಿತಿ ಉಪಕೇಂದ್ರಕ್ಕೆ ಒಬ್ಬ ಹೆಣ್ಣು, ಒಬ್ಬ ಗಂಡು ಕಾರ್ಯಕರ್ತರು ಅಂದಿತ್ತು. ಗಂಡು ಹುದ್ದೆ ಖಾಲಿಯಿದ್ದ ಕಡೆ ಸೊಳ್ಳೆ, ನೀರು, ಜ್ವರದ ಸರ್ವೆ ಎಲ್ಲ ಎಎನ್‌ಎಂ, ಆಶಾಗಳ ತಲೆಗೆ. 2024ರಲ್ಲಿ ಡೆಂಗಿ ಏರಿದಾಗ ಮನೆಮನೆ ಸುತ್ತಿದವರು ಯಾರು ಅಂತ ನಿಮ್ಮ ಆಶಾಳನ್ನೇ ಕೇಳಿ. ಜೊತೆಗೆ ಮೊಬೈಲಿನಲ್ಲಿ ಒಂದಕ್ಕಿಂತ ಒಂದು ಆ್ಯಪ್. ಗುರುವಾರದ ಲಸಿಕೆ ಮುಗಿಸಿ ಸಂಜೆ ಅದನ್ನೆಲ್ಲ ತುಂಬಬೇಕು. ಕಂಪ್ಯೂಟರ್ ಹುದ್ದೆ ಖಾಲಿಯಿದ್ದರೆ ಬಾಣಂತಿ ಮನೆ ಭೇಟಿಗೆ ಹೋಗಬೇಕಾದ ಸಿಸ್ಟರ್ ಡೇಟಾ ತುಂಬುತ್ತಾ ಕೂರುತ್ತಾರೆ.

ಯಾರ ಹತ್ತಿರ ಏನು ಕೇಳಬೇಕು

ಕೆಳಗಿನವರ ಕೈಯಲ್ಲಿ ಇರುವುದನ್ನು ಮೇಲಿನವರಿಗೆ ಬರೆದರೆ ಕಾಗದ ಇಳಿದು ಬರಲು ತಿಂಗಳುಗಟ್ಟಲೆ ಬೇಕು. ಮೇಲಿನವರದ್ದನ್ನು ಕೆಳಗಿನವರಿಗೆ ಬರೆದರೆ ನಾನು ಟೈಪ್ ಮಾಡುತ್ತಿದ್ದ ಉತ್ತರ ಬರುತ್ತದೆ.

ಪಾಳಿ ಪಟ್ಟಿ, ತಪಾಸಣೆ ದಿನ, ಬೀಗದ ಕೈ, ಬಿಪಿ ನೋಡುವ ಟೇಬಲ್, ಇವೆಲ್ಲ ನಿಮ್ಮ ವೈದ್ಯಾಧಿಕಾರಿ ಕೈಯಲ್ಲೇ ಇವೆ. ಸಮಿತಿ ಸಭೆಯಲ್ಲಿ ಮಾತಾಡಿ ನಡಾವಳಿಯಲ್ಲಿ ಬರೆಸಿ. ಬರೆಸದಿದ್ದರೆ ಮಾತಾಡಿದ್ದು ಸುಮ್ನೆ. ಪ್ರಭಾರದವರ ದಿನ ಹಂಚಿಕೆ ತಾಲ್ಲೂಕು ಆರೋಗ್ಯಾಧಿಕಾರಿಯದ್ದು. ನಿಯೋಜನೆ ರದ್ದು ಮಾಡಿಸುವುದಕ್ಕೆ, ಹೆರಿಗೆ ರಜೆಗೆ ಬದಲಿ ಕೇಳುವುದಕ್ಕೆ, ಗುತ್ತಿಗೆ ಹುದ್ದೆ ತುಂಬುವುದಕ್ಕೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ, ಜಿಲ್ಲಾ ಪಂಚಾಯ್ತಿ ಸಿಇಓಗೆ ಪ್ರತಿ ಕಳಿಸಿ. ಕಾಯಂ ನೇಮಕ, ಹೊಸ ಹುದ್ದೆ ಮಂಜೂರು ಬೆಂಗಳೂರಿನದ್ದು. ಅದಕ್ಕೆ ಶಾಸಕರ ಮೂಲಕವೇ ಹೋಗಿ.

ಒಂದು ಅರ್ಜಿಯಲ್ಲಿ ಒಂದೇ ಹುದ್ದೆ. ಹೀಗೆ: "ನಮ್ಮ ಕೇಂದ್ರದ ಲ್ಯಾಬ್ ಟೆಕ್ನೀಷಿಯನ್ ಇಂಥ ದಿನಾಂಕದ ಆದೇಶದಂತೆ ಬೇರೆಡೆ ನಿಯೋಜನೆಯಲ್ಲಿದ್ದಾರೆ. ಕಳೆದ ಮೂರು ತಿಂಗಳಲ್ಲಿ ತಪಾಸಣೆಗೆ ಬಂದ ಇಷ್ಟು ಗರ್ಭಿಣಿಯರಲ್ಲಿ ಇಷ್ಟು ಜನರಿಗೆ ಅದೇ ದಿನ ರಕ್ತ ಪರೀಕ್ಷೆ ಆಗಿಲ್ಲ. ನಿಯೋಜನೆ ರದ್ದುಪಡಿಸಿ, ಇಲ್ಲವೇ ತಪಾಸಣೆ ದಿನಕ್ಕೆ ಹಾಜರಿರುವಂತೆ ಆದೇಶಿಸಿ." ಆದೇಶದ ದಿನಾಂಕ, ಸಂಖ್ಯೆ, ಎರಡು ಪರಿಹಾರ. ಇಂಥ ಅರ್ಜಿಗೆ "ಪ್ರಸ್ತಾವನೆ ಸಲ್ಲಿಸಲಾಗಿದೆ" ಅಂತ ಬರೆಯಲು ಯಾವ ಗುಮಾಸ್ತನಿಗೂ ಬರುವುದಿಲ್ಲ. ಸಾಹೇಬರ ಮುಂದೆ ಕಡತ ಇಡಲೇಬೇಕು.

ಒಂದು ಎಚ್ಚರಿಕೆ. ಜನ ತುಂಬಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ತಿಳಿಯಬೇಡಿ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಚಿಕಿತ್ಸೆಯಿಂದ ತಪ್ಪಿಸಬಹುದಾಗಿದ್ದ ಸಾವು ವರ್ಷಕ್ಕೆ ಸುಮಾರು 86 ಲಕ್ಷ ಅಂತ 2018ರ ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿತ್ತು. ಅದರಲ್ಲಿ 50 ಲಕ್ಷ ಜನ ಆಸ್ಪತ್ರೆ ತಲುಪಿದವರೇ, ಸಿಕ್ಕ ಚಿಕಿತ್ಸೆ ಚೆನ್ನಾಗಿರಲಿಲ್ಲ. ಹಾಗಾಗಿ ಹುದ್ದೆ ತುಂಬಿದ ಮೇಲೂ ಈ ಮೂರು ಸಂಖ್ಯೆ ನೋಡುತ್ತಿರಿ: ರಾತ್ರಿಯ ರೆಫರ್, ಅದೇ ದಿನದ ರಕ್ತ ಪರೀಕ್ಷೆ, ತಿಂಗಳು ತಿಂಗಳು ಮಾತ್ರೆಗೆ ತಪ್ಪದೆ ಬರುವ ಬಿಪಿ ರೋಗಿಗಳು. ಇವು ಅಲುಗಾಡದಿದ್ದರೆ ಕೊರತೆ ಜನರದ್ದಲ್ಲ. ತರಬೇತಿ, ಮೇಲ್ವಿಚಾರಣೆ, ಸಾಮಾನು, ಯಾವುದೋ ಒಂದರಲ್ಲಿದೆ.

ಈ ಲೆಕ್ಕ ವರ್ಷಕ್ಕೆ ಎರಡು ಸಲವಾದರೂ ಹಾಕಿ. ಮೇ–ಜೂನ್‌ನಲ್ಲಿ ವರ್ಗಾವಣೆ ಮುಗಿದ ಮೇಲೆ ಒಂದು ಸಲ ತಪ್ಪಿಸಲೇಬೇಡಿ, ಆಗ ಯಾರು ಹೋದರು, ಯಾರು ಬಂದರು ಅನ್ನೋದು ಸ್ಪಷ್ಟ ಇರುತ್ತದೆ. ಹೋದವರ ಜಾಗಕ್ಕೆ ಯಾರೂ ಬರದಿದ್ದರೆ ಆ ವಾರವೇ ಬರೆಯಿರಿ. ಮಳೆಗಾಲದ ಜ್ವರ ಶುರುವಾದ ಮೇಲೆ ಕಚೇರಿಯಲ್ಲಿ ನಿಮ್ಮ ಅರ್ಜಿ ನೋಡುವವರೂ ಜ್ವರದ ವರದಿ ಮಾಡುತ್ತಾ ಕೂತಿರುತ್ತಾರೆ.